ಗುಂಡು ಭೂಮಿಯ ಅಳತೆ

ಶುಕ್ರವಾರ, ಮಧ್ಯಾಹ್ನ
ಹೊಲಿಗೆ ಅಂಗಡಿಯಿಂದ

ನನ್ನ ಚಿನಕುರುಳಿ ಮಗಳಿಗೆ ಅಮ್ಮನ ಮುದ್ದು.

ಹೋದ ವಾರ ಫೋನಿನಲ್ಲಿ “ಬಿಡಮ್ಮ, ನೀನು ಬರಲ್ಲ ಅಂತ ನಂಗೆ ಗೊತ್ತೇ ಇತ್ತು” ಎಂದು ಇಟ್ಟುಬಿಟ್ಟೆಯಲ್ಲ, ಅಂದಿನಿಂದ ನನಗೆ ಊಟ ರುಚಿಸಿಲ್ಲ. ಚೊಚ್ಚಲ ಹೆರಿಗೆಗೆ ಬಾ ಎಂದು ಮಗಳು ಕರೆದರೆ ಯಾವ ತಾಯಿ ಮಂಡಿನೋವಿನ ಕುಂಟುನೆಪ ಹೇಳುತ್ತಾಳೆ? ಮಂಡಿ ಗಟ್ಟಿಯಾಗಿದೆ ಕಣೇ, ಈಗಲೂ ದಿನವಿಡೀ ಮಿಷನ್ ತುಳಿಯುತ್ತೇನೆ. ನಾನು ಹೆದರಿದ್ದು ದೂರಕ್ಕೆ.

ನಡೆದದ್ದು ಹೇಳುತ್ತೇನೆ, ನಗಬೇಡ. ನೀನು ಕರೆದ ದಿನವೇ ಪಕ್ಕದ ಪುಸ್ತಕದಂಗಡಿಗೆ ಹೋಗಿ ಗೋಡೆಯ ಮೇಲಿನ ಭೂಪಟಕ್ಕೆ ನನ್ನ ಟೇಪು ಹಿಡಿದೆ. ನಮ್ಮೂರಿಗೊಂದು ಗುಂಡುಪಿನ್ನು, ನಿಮ್ಮೂರಿಗೊಂದು. ಲೆಕ್ಕ ಹಾಕಿದರೆ ಹದಿನಾರು ಸಾವಿರ ಕಿಲೋಮೀಟರು, ಅದರಲ್ಲಿ ಮುಕ್ಕಾಲು ಪಾಲು ಬರೀ ನೀರು! ಅದೇ ಗಾಬರಿಯಲ್ಲಿ ನಿನಗೆ ಮಂಡಿನೋವು ಎಂದುಬಿಟ್ಟೆ.

ನನ್ನ ಸಪ್ಪೆ ಮುಖ ನೋಡಿಯೋ ಏನೋ, ನಿನ್ನೆ ಆ ಪುಸ್ತಕದಂಗಡಿಯವನು ಒಂದು ಗ್ಲೋಬು ತಂದು ನನ್ನ ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟು, “ಅಕ್ಕಾ, ಈಗ ಇದನ್ನ ಅಳೆದು ನೋಡಿ” ಎಂದ. ಅಳೆದೆ. ಹನ್ನೆರಡೇ ಸಾವಿರ! ವಿಮಾನ ಸಮುದ್ರದ ನಡುವೆ ಹೋಗುವುದಿಲ್ಲವಂತೆ, ಮೇಲೆ ಉತ್ತರದ ಹಿಮದ ಕಡೆಯಿಂದ ಬರುತ್ತದಂತೆ, ಅದೇ ಹತ್ತಿರದ ದಾರಿಯಂತೆ. ಹದಿನಾಲ್ಕು ಗಂಟೆ ಸಾಕಂತೆ. ಇಷ್ಟು ವರ್ಷ ಜನರ ಗುಂಡು ಮೈಗಳನ್ನು ಅಳೆದವಳು, ಭೂಮಿಯನ್ನು ಮಾತ್ರ ಹಾಸಿದ ಬಟ್ಟೆ ಎಂದುಕೊಂಡೆನಲ್ಲ! ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಇನ್ನೊಂದನ್ನೂ ಹೇಳಿದ. ನಿನ್ನ ಕಡೆಗೆ ಬರುವಾಗ ಗಾಳಿ ವಿಮಾನದ ಬೆನ್ನಿಗಿರುತ್ತದಂತೆ. ಅಲ್ಲಿಂದ ಇಲ್ಲಿಗೆ ಎದುರುಗಾಳಿ, ಒಂದು ಗಂಟೆಗೂ ಹೆಚ್ಚು ತಡವಂತೆ. ಹೋದವಳು ಇಷ್ಟು ವರ್ಷವಾದರೂ ಒಮ್ಮೆ ಬಂದು ಹೋಗಲಿಲ್ಲವೆಂದು ಒಳಗೊಳಗೇ ಕುದಿಯುತ್ತಿದ್ದೆ. ಹೋಗಲಿ ಪಾಪ, ಎದುರುಗಾಳಿ ಎಂದುಕೊಂಡೆ. ನಿಜ ಹೇಳಲಾ? ನೀನಿಲ್ಲದ ಅಂಗಡಿ ಬಿಕೋ ಎನ್ನುತ್ತದೆ.

ಕೂಸಿಗೆ ಎರಡು ಅಂಗಿ ಹೊಲಿದಿದ್ದೇನೆ. ನಿನ್ನದೇ ಹಳೆಯ ಹತ್ತಿ ಬಟ್ಟೆ, ಒಗೆದು ಒಗೆದು ಮೆತ್ತಗಾಗಿದೆ. ಅಂಚು ಮಾತ್ರ ಮಡಿಸಿಲ್ಲ. ತೊಡುವವರು ಕಣ್ಣೆದುರಿಗೆ ಇಲ್ಲದೆ ನಾನು ಅಂಚು ಮಡಿಸುವವಳಲ್ಲ, ನಿನಗೇ ಗೊತ್ತು.

ಹೊತ್ತು ಹೊತ್ತಿಗೆ ತಿನ್ನು. ಭಾರ ಎತ್ತಬೇಡ. ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು.

ಇಂತಿ ನಿನ್ನ
ಪುಕ್ಕಲು ಅಮ್ಮ

ತಾ.ಕ.: ವಿಮಾನದಲ್ಲಿ ಕೈಚೀಲದೊಳಗೆ ಕತ್ತರಿ ಬಿಡುವುದಿಲ್ಲವಂತೆ, ಅಲ್ಲೇ ಒಂದು ಒಳ್ಳೆಯದು ತೆಗೆದಿಡು. ಬರುವ ತಿಂಗಳ ಮೊದಲ ಬುಧವಾರ ನಿನ್ನ ಬಾಗಿಲಲ್ಲಿರುತ್ತೇನೆ. ವಾಪಸು ಯಾವಾಗ ಎಂದು ಟಿಕೆಟಿನ ಹುಡುಗಿ ಕೇಳಿದಳು. ಆ ಅಂಚನ್ನೂ ಈಗಲೇ ಮಡಿಸಬೇಡಮ್ಮ ಎಂದೆ.