ಹೆಸರು ತಿಳಿಯದ ಹೆಂಗಸು

ಶನಿವಾರ, ಮಾರ್ಚ್ 2, 1996

ಎಂದಿನಂತೆ ಗೆಳತಿ ಪೆಗ್ಗಿಯ ಜೊತೆ ಗ್ಯಾಲರಿ ಸುತ್ತಾಟ. ಪುಕ್ಕಟೆ, ಬೆಚ್ಚಗೆ. ನಮ್ಮ ಚರ್ಚಿನ ಸಭೆ ಬರೀ ಪುಕ್ಕಟೆ, ಬೆಚ್ಚಗಿಲ್ಲ ಅನ್ನುತ್ತಾಳೆ ಅವಳು. ಬೆತ್ತಲೆ ಪ್ರತಿಮೆಗಳ ಕೋಣೆಯಲ್ಲಿ ನೆಲ ನೋಡಿಕೊಂಡು ನಡೆದೆ. ಪೆಗ್ಗಿ ಒಂದರ ಮುಂದೆ ನಿಂತಳು.

"ಪಾಪ, ಇವನಿಗೆ ಚಳಿ ಆಗಲ್ವೇನೆ ಮರ್ಡೀನಾ?"

ಗದರಿಸಿದೆ.

ಆಮೇಲೆ ನದಿ ಬದಿಯ ಮ್ಯೂಸಿಯಂ. ಬಂದರಿನಲ್ಲಿ ಮೀನು ಸೀಳುತ್ತಿದ್ದ ಹುಡುಗಿಯರ ಹಳೆಯ ಫೋಟೋಗಳು. ಮೂರನೆಯದರ ಮುಂದೆ ಕಾಲು ಕಿತ್ತಿಡಲಾಗಲಿಲ್ಲ. ಅಮ್ಮ. ಇಪ್ಪತ್ತರ ವಯಸ್ಸು. ಚೂರಿ ತಾಗದಂತೆ ಬೆರಳಿಗೆಲ್ಲ ಬಟ್ಟೆ ಸುತ್ತಿಕೊಂಡಿದ್ದಾಳೆ, ನಗುತ್ತಿದ್ದಾಳೆ. ವಿಗ್ರಹ ಮಾಡಿಕೊಳ್ಳಬಾರದು ಎಂದು ಮದುವೆಯ ದಿನವೂ ಫೋಟೋಗೆ ನಿಲ್ಲದವಳು. ಅವಳ ಫೋಟೋ ನಮ್ಮಲ್ಲಿ ಒಂದೂ ಇಲ್ಲ. ಇಲ್ಲಿ ಯಾರೋ ಕೇಳದೆ ತೆಗೆದಿದ್ದಾರೆ. ಕೆಳಗೆ ಬರೆದಿತ್ತು — ಲೂಯಿಸ್ ದ್ವೀಪದ ಹೆಂಗಸು, ಹೆಸರು ತಿಳಿಯದು.

ಪೆಗ್ಗಿ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದಳು.

ಮಂಗಳವಾರ, 5

ಮ್ಯೂಸಿಯಂ ಕಚೇರಿಯ ಮಿಸ್ ಲೇಯರ್ಡ್ ಒಳ್ಳೆಯ ಹುಡುಗಿ. ಆದರೆ ನಿಯಮ ನಿಯಮವೇ. ಹತ್ತಿರದ ರಕ್ತಸಂಬಂಧಿಗಳು, ಮಕ್ಕಳು ಅಥವಾ ಒಡಹುಟ್ಟಿದವರು, ಇಬ್ಬರು ಬಂದು ಗುರುತಿಸಿ ಸಹಿ ಹಾಕಬೇಕು. ಹೆಸರು ಸಿಕ್ಕಿದ ಫೋಟೋಗಳು ಗೋಡೆಯಲ್ಲಿ ಕಾಯಂ. ಉಳಿದವು ತಿಂಗಳ ಕೊನೆಗೆ ಉಗ್ರಾಣಕ್ಕೆ.

ಇಬ್ಬರು... ಉಳಿದಿರುವುದೇ ಇಬ್ಬರು. ನಾನು, ನನ್ನ ತಂಗಿ ಡೋಲಿನಾ. ಬಸ್ಸಿನಲ್ಲಿ ಕಾಲು ಗಂಟೆಯ ದೂರ. ಮಾತು ಬಿಟ್ಟು ಇಪ್ಪತ್ತು ವರ್ಷ.

ಶುಕ್ರವಾರ, 8

ಬಾಗಿಲು ತೆಗೆದಳು. ಒಳಗೆ ಕರೆಯಲಿಲ್ಲ.

"ಏನಕ್ಕ, ದಾರಿ ತಪ್ಪಿತಾ?"

ಫೋಟೋದ ವಿಷಯ ಹೇಳಿದೆ.

"ಅಮ್ಮನ ಹೆಸರು ಬೇಕಾ ನಿಂಗೆ? ನನ್ನ ಮಗೂಗೂ ಬೇಕಾಗಿತ್ತು."

ನಮ್ಮಲ್ಲಿ ಮೊದಲ ಹೆಣ್ಣು ಮಗುವಿಗೆ ಅಜ್ಜಿಯ ಹೆಸರು. ಡೋಲಿನಾಳ ಕೂಸಿಗೆ ಅಮ್ಮನ ಹೆಸರು, ಗೋರ್ಮೇಲಿಯಾ ಅಂತ ಇಡಬೇಕಿತ್ತು. ಯಾವ ಕೆಲಸವನ್ನೂ ಮಾಡಬಾರದ ಸಬ್ಬತ್ ದಿನ, ಭಾನುವಾರ, ಡೋಲಿನಾಳ ತಂತಿಯ ಮೇಲೆ ಕೂಸಿನ ಬಟ್ಟೆ ಒಣಗುತ್ತಿದ್ದುದನ್ನು ಸಭೆಯ ಹಿರಿಯರಿಗೆ ತಿಳಿಸಿದವಳು ನಾನು. ಪಾದ್ರಿ ಕೂಸಿಗೆ ದೀಕ್ಷಾಸ್ನಾನ ಕೊಡಲಿಲ್ಲ. ಹೆಸರು ಸಭೆಯಲ್ಲಿ ಕೂಗಲಿಲ್ಲ. ಡೋಲಿನಾ ನಮ್ಮ ದ್ವೀಪ ಬಿಟ್ಟು ಈ ನಗರಕ್ಕೆ ಬಂದಳು; ವರ್ಷಗಳ ಮೇಲೆ ನಾನೂ.

"ಇಲ್ಲಿ ಆಫೀಸಲ್ಲಿ ಲಿಂಡಾ ಅಂತ ಬರೆಸ್ದೆ. ಬಾಯಿಗೆ ಬಂದ ಹೆಸರು."

"ಕಂಡದ್ದನ್ನೇ ಹೇಳಿದ್ದು ಡೋಲಿನಾ. ಸುಳ್ಳು ಹೇಳ್ಲಿಲ್ಲ."

"ನೀನೆಲ್ಲಿ ಸುಳ್ಳು ಹೇಳ್ತೀಯ! ಬಟ್ಟೆ ಹಾಕಿದ್ದು ಶನಿವಾರ. ನಂಗೆ ಬಾಣಂತಿ ಜ್ವರ, ಎದ್ದು ತೆಗೆಯಕ್ಕಾಗ್ಲಿಲ್ಲ. ಅದು ನಿಂಗೆ ಗೊತ್ತಿತ್ತು. ಅದೊಂದನ್ನ ನೀನು ನುಂಗ್ಕೊಂಡೆ, ಅಷ್ಟೆ. ಈಗ ನಿನ್ನ ಕೈಯಲ್ಲೇ ಅದನ್ನ ಬರ್ಕೊಡು. ಸಹಿ ಹಾಕ್ತೀನಿ."

ಗುರುವಾರ, 21

ಇಷ್ಟು ದಿನ ಪ್ರಾರ್ಥಿಸಿದೆ. ಕರ್ತನು ಏನೂ ಹೇಳಲಿಲ್ಲ. ಇವತ್ತು ಬರೆದೆ. ಆರು ಸಾಲು.

ಶನಿವಾರ, 23

ಡೋಲಿನಾ ಒಳ್ಳೆಯ ಕೋಟು ಹಾಕಿಕೊಂಡು ಮ್ಯೂಸಿಯಂಗೆ ಬಂದಿದ್ದಳು. ಕಾಗದವನ್ನು ಎರಡು ಸಲ ಓದಿದಳು. ಮಡಿಸಿ ಕೈಚೀಲಕ್ಕೆ ಹಾಕಿಕೊಂಡಳು. ಫೋಟೋದ ಮುಂದೆ ಬಹಳ ಹೊತ್ತು ನಿಂತಳು. ಮಿಸ್ ಲೇಯರ್ಡ್ ಪೆನ್ನು ಹಿಡಿದು ಕಾದಳು.

"ಇಲ್ಲಮ್ಮ, ಇವರ್ಯಾರೋ ನಂಗೊತ್ತಿಲ್ಲ" ಅಂದಳು ಡೋಲಿನಾ. "ನಮ್ಮಕ್ಕ ಕಂಡದ್ದನ್ನೇ ಹೇಳೋಳು. ಈಗ ಕಣ್ಣು ಸ್ವಲ್ಪ ಮಂಜು."

ಹೊರಗೆ ಮೆಟ್ಟಿಲ ಮೇಲೆ ನನ್ನ ಮಫ್ಲರ್ ಸರಿಮಾಡಿದಳು.

"ಅಮ್ಮ ಎಷ್ಟು ಚೆನ್ನಾಗಿ ಬಂದಿದಾಳೆ, ಅಲ್ವಾಕ್ಕ?"

ಶನಿವಾರ, 30

ಮೂರನೆಯ ಫೋಟೋ ಇದ್ದಲ್ಲಿ ಮೊಳೆ ಮಾತ್ರ. ಪೆಗ್ಗಿ ಚಹಾಕ್ಕೆ ಕರೆದಳು. ಬೇಡವೆಂದೆ.

ಬುಧವಾರ, ಏಪ್ರಿಲ್ 3, ಸಂಜೆ 6

ಡೋಲಿನಾ ನನ್ನ ಕಾಗದವನ್ನು ಇಲ್ಲಿನ ಪಾದ್ರಿಗೆ ಅಂಚೆಯಲ್ಲಿ ಕಳಿಸಿದ್ದಾಳೆ. ಏಳಕ್ಕೆ ಹಿರಿಯರಿಬ್ಬರು ಬರುತ್ತಾರೆ. ಕರ್ತನ ಮೇಜಿಗೆ, ಸಭೆಯ ಪ್ರಭುಭೋಜನಕ್ಕೆ, ಬರಬೇಡ ಅನ್ನುತ್ತಾರೆ. ಅನ್ನಲಿ. ಕಾಗದದಲ್ಲಿ ಬರೆಯದ್ದನ್ನೂ ಹೇಳಿಬಿಡಬೇಕು. ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಇಪ್ಪತ್ತು ವರ್ಷದ ಹಿಂದಿನ ಆ ಶನಿವಾರ ಸಂಜೆ ಡೋಲಿನಾಗೆ ಸೂಪು ಕೊಂಡೊಯ್ದಿದ್ದೆ. ಜ್ವರದಲ್ಲಿ ಮಲಗಿದ್ದಳು. ಕೂಸು ಪಕ್ಕದಲ್ಲಿ. ಹಿರಿಯ ಮಗಳು ನಾನು, ನನಗೆ ಮಕ್ಕಳಾಗಲಿಲ್ಲ, ಅಮ್ಮನ ಹೆಸರು ಆ ಕೂಸಿಗೆ. ಹೊರಗೆ ಬಂದೆ. ತಂತಿಯ ಮೇಲೆ ಬಟ್ಟೆ. ಇನ್ನೂ ಬೆಳಕಿತ್ತು. ಮೊದಲ ಕ್ಲಿಪ್ಪು ತೆಗೆದೆ, ಬಟ್ಟೆ ಕೈಗೆ ಬಂತು. ಒಣಗಿತ್ತು. ಸ್ವಲ್ಪ ಹೊತ್ತು ಹಿಡಿದು ನಿಂತೆ. ಆಮೇಲೆ ಅದನ್ನು ಮತ್ತೆ ತಂತಿಗೇ...