ದೀಪದಣ್ಣನ ಕೈ

ಅಂಗಡಿಯ ಮೇಲಿನ ಕೋಣೆ,
ಮಾರ್ಚ್ ೧೧, ಸೋಮವಾರ ಮಧ್ಯಾಹ್ನ

ಪ್ರೀತಿಯ ಗುಬ್ಬೀ,

ಹೇಗಿದ್ದೀಯ ಕಂದಾ? ಹಡಗಿನ ಓಲಾಟಕ್ಕೆ ಹೊಟ್ಟೆ ಹೊಂದಿಕೊಂಡಿತೇ, ಇಲ್ಲಾ ಈಗಲೂ ತಿಂದದ್ದನ್ನೆಲ್ಲ ಮೀನುಗಳಿಗೆ ಹಂಚುತ್ತಿದ್ದೀಯಾ? ಸಮುದ್ರದ ತಳ ಅಳೆಯುವ ಕೆಲಸ ಎಂದು ನೀನು ಬರೆದದ್ದನ್ನು ಓದಿ, ಟೇಪು ಹಿಡಿದು ಸೊಂಟ ಅಳೆಯುವ ನನಗೆ ಹೆಮ್ಮೆಯಾಯಿತು. ಅಳತೆಯ ಕಸುಬು ಮನೆ ಬಿಟ್ಟು ಹೋಗಲಿಲ್ಲವಲ್ಲ! ನಾನು ಚೆನ್ನಾಗಿದ್ದೇನೆ. ಶಾಲೆಯ ಸಮವಸ್ತ್ರಗಳ ರಾಶಿ ಬಿದ್ದಿದೆ, ಕತ್ತು ಎತ್ತಲು ಪುರುಸೊತ್ತಿಲ್ಲ. ನಿನ್ನ ಅಮ್ಮನೂ ಚೆನ್ನಾಗಿದ್ದಾಳೆ. ಈ ಸಲ ಇದನ್ನು ಸುಳ್ಳಿಲ್ಲದೆ ಬರೆಯುತ್ತಿದ್ದೇನೆ. ಹಿಂದಿನ ಎರಡು ಕಾಗದಗಳಲ್ಲಿ ಬರೆದದ್ದು ಅರ್ಧ ಸತ್ಯ, ಬೈಯಬೇಡ.

ನೀನು ಹೊರಟ ಮೇಲೆ ಅವಳ ಬಲಗೈ ನಡುಕ ಹೆಚ್ಚಾಯಿತು. ಲೋಟ ಎಡಗೈಗೆ ಬಂತು, ಸೌಟೂ ಬಂತು. ರೇಡಿಯೋ ಸೆಟ್ಟಿನ ಆ ಹಿತ್ತಾಳೆಯ ಮೋರ್ಸ್ ಕೀ ಮಾತ್ರ ಎಡಗೈಗೆ ಒಗ್ಗಲಿಲ್ಲ. ಇಪ್ಪತ್ತೆರಡು ವರ್ಷ, ಪ್ರತಿ ಭಾನುವಾರ ಮೂರು ಗಂಟೆಗೆ, ಸಮುದ್ರದಾಚೆ ದೀಪಸ್ತಂಭ ಕಾಯುವ ಮುದುಕನ ಜೊತೆ ಚುಕ್ಕೆ ಗೆರೆಗಳಲ್ಲಿ ಹರಟಿದ ಬಲಗೈ ಅದು. ಮುಖ ನೋಡಿಲ್ಲ, ದನಿ ಕೇಳಿಲ್ಲ, ಆದರೂ ನಮ್ಮ ಮನೆಯಲ್ಲಿ ಅವನು ದೀಪದಣ್ಣ. ಅವನ ಮಂಡಿನೋವಿನ ಸಮಾಚಾರ ನನಗೂ ಬಾಯಿಪಾಠ. ಜನವರಿಯ ಮೊದಲ ಭಾನುವಾರ ಅವಳ ಚುಕ್ಕೆಗಳು ಗೆರೆಗಳಾಗಿ, ಗೆರೆಗಳು ತುಂಡಾಗಿ, ಅವನು ಮೂರು ಸಲ ‘ಇನ್ನೊಮ್ಮೆ ಹೇಳಿ’ ಎಂದು ಕೇಳಿದ. ನಾಲ್ಕನೆಯ ಸಲ ಕೇಳುವ ಮುಂಚೆಯೇ ಅವಳು ಸೆಟ್ಟು ಆರಿಸಿದಳು. ಮರುದಿನ ಅಂಗಡಿಗೆ ಇಳಿದುಬಂದು, “ಸೆಟ್ಟಿಗೊಂದು ಗವಸು ಹೊಲಿದುಕೊಡ್ರೀ, ಧೂಳು ಕೂರುತ್ತೆ” ಎಂದಳು. ಹೊಲಿದುಕೊಟ್ಟೆ. ಅಷ್ಟು ಬೇಸರದಿಂದ ನಾನು ಏನನ್ನೂ ಹೊಲಿದಿಲ್ಲ. ಆ ಸೆಟ್ಟಿನ ಮೇಲೆ ನನಗಿದ್ದ ಹೊಟ್ಟೆಕಿಚ್ಚು ನಿನಗೆ ಗೊತ್ತಲ್ಲ. ಭಾನುವಾರ ಮೂರಾದರೆ ಗಂಡನೆಂಬ ಪ್ರಾಣಿ ಮನೆಯಲ್ಲಿದೆ ಎನ್ನುವುದೇ ಅವಳಿಗೆ ಮರೆತುಹೋಗುತ್ತಿತ್ತು. ಆದರೆ ಎರಡು ತಿಂಗಳು ಅದೇ ಹೊತ್ತಿಗೆ ಅವಳು ಕೈ ಕಟ್ಟಿಕೊಂಡು ಕಿಟಕಿಯ ಬಳಿ ಕೂತದ್ದನ್ನು ನೋಡಿದ ಮೇಲೆ, ಆ ಕುಯ್ಯೋ ಸದ್ದೇ ವಾಸಿ ಅನ್ನಿಸಿತು.

ಪಕ್ಕದ ಬೀದಿಯ ರೇಡಿಯೋ ರಿಪೇರಿಯವನು ಪ್ಯಾಂಟಿಗೆ ಜಿಪ್ಪು ಹಾಕಿಸಲು ಬಂದಾಗ ಅವನ ಹತ್ತಿರ ಹೇಳಿಕೊಂಡೆ. ಅವನಿಗೆ ಇದು ಹೊಸದೇ ಅಲ್ಲ. ಕಂಪ್ಯೂಟರಿನಲ್ಲಿ ಅಕ್ಷರ ಒತ್ತಿದರೆ ಅದೇ ಮೋರ್ಸ್ ಆಗಿ ಹೋಗುತ್ತದಂತೆ. ಕೀ ಒತ್ತಿದಾಗ ಎರಡು ತಂತಿ ಕೂಡುತ್ತವೆ, ಬಿಟ್ಟಾಗ ಬೇರೆಯಾಗುತ್ತವೆ. ಆ ಕೂಡಿಸಿ ಬಿಡಿಸುವ ಕೆಲಸವನ್ನು ಕಂಪ್ಯೂಟರೇ ಮಾಡುತ್ತದೆ, ನಡುವೆ ಬೆಂಕಿಪೊಟ್ಟಣದಷ್ಟು ಪುಟ್ಟ ಒಂದು ಪೆಟ್ಟಿಗೆ ಸಾಕು. ನೀನು ಬಿಟ್ಟುಹೋದ ಹಳೆಯ ಕಂಪ್ಯೂಟರನ್ನು ಅಟ್ಟದಿಂದ ಕೆಳಗಿಳಿಸಿ, ಅವನು ತೋರಿಸಿದ ಹಾಗೆ ಬೆಸುಗೆ ಹಾಕಿದೆ. ಕಾಜ ಹೊಲಿಯುವ ಕೈಗೆ ಅದೇನು ಮಹಾ. ಅಮ್ಮನಿಗಿರುವಂತೆ ನನಗೆ ಹ್ಯಾಮ್ ರೇಡಿಯೋ ಲೈಸೆನ್ಸ್ ಇಲ್ಲವಲ್ಲ, ಗಾಳಿಗೆ ಒಂದು ಚುಕ್ಕೆ ಬಿಟ್ಟರೂ ತಪ್ಪು. ಅದಕ್ಕೆ ಸೆಟ್ಟಿನಿಂದ ಏನೂ ಹೊರಗೆ ಹೋಗದಂತೆ, ಸದ್ದು ಮಾತ್ರ ಕೇಳುವಂತೆ ಅವನೇ ಮಾಡಿಕೊಟ್ಟ. ಅಮ್ಮ ಅಡುಗೆಮನೆಯಲ್ಲಿದ್ದಾಗ ‘ಹಸಿವು’ ಎಂದು ಒತ್ತಿದೆ. ಒದ್ದೆ ಕೈಯಲ್ಲೇ ಓಡಿಬಂದಳು.

“ಯಾರ್ರೀ ಅದು ಇಷ್ಟು ನೆಟ್ಟಗೆ ಹೊಡೀತಿರೋದು? ಜೀವಾನೇ ಇಲ್ಲ ಅದರಲ್ಲಿ.”

ಹೊಡೆದದ್ದು ಯಾರು, ಏನು ಎಂದು ತಿಳಿದಾಗ ನಕ್ಕಳು. ಆಮೇಲೆ ಮುಖ ಸಣ್ಣದಾಯಿತು. ಬೀದಿಯಾಚೆ ನಡೆಯುವವನ ಕೋಟು ನೋಡಿ ಅದು ಯಾವ ದರ್ಜಿಯ ಹೊಲಿಗೆ ಎಂದು ನಾನು ಹೇಳುವಂತೆ, ಮೋರ್ಸ್ ಹೊಡೆಯುವವರೂ ಸದ್ದು ಕೇಳಿಯೇ ಕೈ ಗುರುತಿಸುತ್ತಾರಂತೆ. ಇದು ತನ್ನ ಕೈಯಲ್ಲ, ದೀಪದಣ್ಣನಿಗೆ ಮೋಸ ಮಾಡಿದಂತೆ ಎಂದಳು. ನಮ್ಮಪ್ಪ ಕೈಯಲ್ಲಿ ಹೊಲಿದ, ನಾನು ಮಿಷನ್ನಿನಲ್ಲಿ ಹೊಲಿದೆ, ಹಾಕಿಕೊಂಡವರು ಕೋಟು ನೋಡಿದರು ಎಂದೆ. ಅವಳು ಸೆಟ್ಟಿಗೆ ಮತ್ತೆ ಗವಸು ಹೊದಿಸಿ ಅಡುಗೆಮನೆಗೆ ಹೋದಳು. ನಿನ್ನೆ ಮೂರು ಗಂಟೆಗೆ ಮಾತ್ರ ತಾನಾಗಿಯೇ ಗವಸು ತೆಗೆದಳು.

ಎಡಗೈಯ ಒಂದೇ ಬೆರಳಲ್ಲಿ ಒತ್ತಿ ಕರೆದಳು. ದೀಪದಣ್ಣ ತಕ್ಷಣ ಸಿಕ್ಕ, ಆದರೆ ಅವನ ಉತ್ತರ ಕೇಳಿ ಅವಳು ಬೆವತುಹೋದಳು. ನೀವು ಯಾರು, ಈ ಕರೆಯ ಗುರುತು ನನ್ನ ಗೆಳತಿಯದು, ಕೈ ಮಾತ್ರ ಅವರದಲ್ಲ ಎಂದಿದ್ದ. ಅವಳ ಬೆರಳು ಸ್ವಿಚ್ಚಿನ ಹತ್ತಿರ ಹೋಯಿತು.

“ಇದ್ದದ್ದು ಇದ್ದ ಹಾಗೆ ಹೇಳಿಬಿಡು” ಎಂದೆ.

ಎಲ್ಲ ಹೇಳಿದಳು. ಕೈ ನಡುಗುತ್ತದೆ, ನಾಚಿಕೆಯಿಂದ ಎರಡು ತಿಂಗಳು ಮುಖ ಮರೆಸಿಕೊಂಡೆ, ಇದು ಕಂಪ್ಯೂಟರು, ತಂತಿ ಬೆಸೆದದ್ದು ನನ್ನ ಗಂಡ, ದರ್ಜಿ. ಆಮೇಲೆ ಆ ಕಡೆಯಿಂದ ಬರೀ ಸೊರಸೊರ. ಮುದುಕ ಸಿಟ್ಟಾಗಿ ಎದ್ದುಹೋದನೆಂದೇ ನಾನಂದುಕೊಂಡೆ. ಆಗ ಬಂತು ನೋಡು: ನಾಲ್ಕು ಚುಕ್ಕೆ, ಎರಡು ಚುಕ್ಕೆ, ಮತ್ತೆ ನಾಲ್ಕು, ಮತ್ತೆ ಎರಡು. ಅಕ್ಷರ ಕೂಡಿಸಿದರೆ ‘ಹಿ ಹಿ’, ಅವರ ಪೈಕಿ ನಗುವುದು ಹಾಗಂತೆ! ತಾನೂ ಮೂರು ವರ್ಷದಿಂದ ಕಂಪ್ಯೂಟರಿನಲ್ಲೇ ಒತ್ತುತ್ತಿದ್ದೇನೆ, ಬೆರಳುಗಳು ಮಡಚುವುದಿಲ್ಲ, ನಿಮ್ಮ ಮುಂದೆ ಹೇಳಿಕೊಳ್ಳಲು ನಾಚಿಕೆಯಾಗಿತ್ತು ಎಂದ.

ಈ ಮೂರು ವರ್ಷ, ‘ಎಂಬತ್ತಾದರೂ ದೀಪದಣ್ಣನ ಕೈ ನೋಡಿ, ಒಂದು ಚುಕ್ಕೆ ಆಚೀಚೆ ಇಲ್ಲ’ ಎಂದು ನನ್ನ ಕಾಜಗಳನ್ನು ಹೀಯಾಳಿಸಿದವಳು ಇವಳೇ. ನಾನು ಕೆಮ್ಮಿದೆ ಅಷ್ಟೆ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಆಮೇಲೆ ಒಂದೂವರೆ ಗಂಟೆ ಹರಟಿದಳು. ನಿನ್ನ ಹಡಗಿನ ಸುದ್ದಿಯೂ ದೀಪಸ್ತಂಭಕ್ಕೆ ಮುಟ್ಟಿದೆ. ರಾತ್ರಿಯ ಅಡುಗೆ ನನ್ನ ಪಾಲಿಗೆ ಬಂತು, ಸಂತೋಷದಿಂದ ಮಾಡಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಹಡಗಿನ ಅಂಚಿನ ಕಂಬಿಯಾಚೆ ಬಗ್ಗಬೇಡ. ನಿನ್ನ ಮೇಲಿನವರಿಗೆ ನನ್ನ ನಮಸ್ಕಾರ, ನಿನಗೆ ನಮ್ಮಿಬ್ಬರ ತುಂಬು ಹಾರೈಕೆ.

ನಿನ್ನ
ಅಪ್ಪ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ನಡುಕ ಎಡಗೈಗೂ ಬರಬಹುದು ಎಂದು ಡಾಕ್ಟರು ಹೇಳಿದ್ದಾರೆ. ಇವತ್ತು ನಾಳೆಯಲ್ಲ, ಕೆಲವು ವರ್ಷದಲ್ಲಿ. ಹೆದರಬೇಡ. ನಾನು ಲೈಸೆನ್ಸ್ ಪರೀಕ್ಷೆಗೆ ಅರ್ಜಿ ಹಾಕಿದ್ದೇನೆ, ಮುಂದೆ ಅವಳು ಹೇಳಿದರೆ ನಾನು ಒತ್ತಬಹುದು. ಅಂಗಡಿ ತೆರೆಯುವ ಮುಂಚೆ ದಿನಾ ಅರ್ಧ ಗಂಟೆ ಪಾಠ ಎಂದು ಇವತ್ತೇ ಶುರುಮಾಡಿದ್ದಾಳೆ, ನನ್ನಷ್ಟು ದಡ್ಡನನ್ನು ಕಂಡಿಲ್ಲವಂತೆ. ಆದರೂ ಎಂಟು ಅಕ್ಷರ ಸದ್ದು ಕೇಳಿಯೇ ತಪ್ಪಿಲ್ಲದೆ ಗುರುತಿಸಿದೆ.