ಮಟ್ಟ ಮಾಡಿದ ನೆಲ

ಅಂಗಡಿಯ ಹಿಂದಿನ ಕೋಣೆ
ಮಾರ್ಚ್ ಹನ್ನೆರಡು, ಮಂಗಳವಾರ ಮಧ್ಯಾಹ್ನ

ನಮ್ಮ ಮನೆಯ ಯಜಮಾನರಿಗೆ,

ಹೇಗಿದ್ದೀರಿ? ಕಾಲಿನ ಊತ ಇಳಿಯಿತೇ? ರಾತ್ರಿ ನಿದ್ದೆ ಬರುತ್ತಿದೆಯೇ, ಇಲ್ಲ ಸೂರು ನೋಡುತ್ತಾ ಮಲಗಿರುತ್ತೀರಾ? ಫೋನಿನಲ್ಲಿ ಏನು ಕೇಳಿದರೂ ನೀವು "ಹೂಂ" ಅಂದು ನಿಮ್ಮಕ್ಕನ ಕೈಗೆ ಕೊಟ್ಟುಬಿಡುತ್ತೀರಿ. ಅದಕ್ಕೇ ಕೂತು ಕಾಗದ ಬರೆಯುತ್ತಿದ್ದೇನೆ. ಅಕ್ಕ ವ್ಯಾಯಾಮ ಮಾಡಿಸುವಾಗ ದಯವಿಟ್ಟು ಮುಖ ಊದಿಸಿಕೊಳ್ಳಬೇಡಿ. ಆ ತಾಯಿ ತಮ್ಮ ಮಂಡಿನೋವನ್ನೂ ಲೆಕ್ಕಿಸದೆ ನಿಮ್ಮನ್ನು ಎತ್ತಿ ಗಾಲಿಕುರ್ಚಿಯಲ್ಲಿ ಕೂರಿಸುತ್ತಿದ್ದಾರೆ.

ನನಗೇನೂ ಆಗಿಲ್ಲ, ಸುಸ್ತು ಅಷ್ಟೇ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗಲೇ ಯಾವಾಗ ಮುಚ್ಚುವ ಹೊತ್ತಾಗುತ್ತದೋ ಅನ್ನಿಸುತ್ತದೆ. ಮೈ ಮುರಿದು ದುಡಿದಾಗಲೂ ನನಗೆ ಇಷ್ಟು ಆಯಾಸ ಆಗಿರಲಿಲ್ಲ. ಹೇಗೂ ಈ ತಿಂಗಳು ಪ್ರತಿ ವರ್ಷವೂ ವ್ಯಾಪಾರ ತಣ್ಣಗೆ. ಈ ಸಲ ನೀವೂ ಇಲ್ಲ. ಕಾಲು ಮುರಿದ ಕುರ್ಚಿ ಹೊತ್ತು ತಂದವರು ಬಾಗಿಲಲ್ಲೇ ನಿಂತು ಒಳಗೆ ಇಣುಕುತ್ತಾರೆ, ನಿಮ್ಮನ್ನು ಕಾಣದೆ "ಆಮೇಲೆ ಬರ್ತೀವಿ ಬಿಡಿ" ಅಂದು ಕುರ್ಚಿ ಸಮೇತ ಹೊರಟುಹೋಗುತ್ತಾರೆ. ನಾನೂ ನಿಮ್ಮ ತಮ್ಮನೂ ಎದುರು ಬದುರು ಕೂತು ನೊಣ ಹೊಡೆಯುವುದೇ ಕೆಲಸವಾಗಿತ್ತು.

ಅಕ್ಕನ ಮನೆಗೆ ಹೋಗುವ ದಿನ ವ್ಯಾನಿನಲ್ಲಿ ಕೂತು ನೀವು ಒಂದು ಮಾತು ಹೇಳಿದಿರಿ. "ನಿಂತ್ಕೊಳ್ಳೋಕಾಗದವನಿಗೆ ಅಂಗಡಿ ಯಾಕೆ? ಬಾಗಿಲು ಹಾಕ್ಬಿಡಿ." ಅಟ್ಟದಿಂದ ಮರದ ಹಲಗೆ ಇಳಿಸಲು ಹೋಗಿ ಬಿದ್ದು ಕಾಲಿನ ಬಲ ಕಳೆದುಕೊಂಡವರು ನೀವು, ಸಿಟ್ಟು ಬರುವುದು ಸಹಜ ಅಂದುಕೊಂಡೆ. ಆದರೆ ಸಿಟ್ಟು ನನಗೂ ಬಂದಿತ್ತು. ಅಂಗಡಿ ನಿಮ್ಮೊಬ್ಬರದೇ ಏನು? ಮರದ ಹೊಟ್ಟು ಗುಡಿಸಿ ಗುಡಿಸಿ ನನ್ನ ಸೊಂಟವೂ ಇಲ್ಲೇ ಸವೆದಿದೆ. ಅದಕ್ಕೇ ಬಾಗಿಲು ಹಾಕಲಿಲ್ಲ.

ಗಿರಾಕಿ ಇಲ್ಲದ ದಿನ ಅಂಗಡಿಯ ಕೆಲಸ ಮಾಡಬೇಕು ಅಂತ ಹೇಳುತ್ತಿದ್ದವರು ನೀವೇ. ಸರಿ, ಅದನ್ನೇ ಹಿಡಿದೆವು. ನಿಮ್ಮ ತಮ್ಮ ಉಳಿಗಳನ್ನೆಲ್ಲ ಮಸೆದ, ಗರಗಸಗಳ ಹಲ್ಲಿಗೆ ಅರ ಉಜ್ಜಿದ. ನಾನು ಡಬ್ಬಿಗಳನ್ನು ನೆಲಕ್ಕೆ ಸುರಿದು ಮೊಳೆ, ಸ್ಕ್ರೂ, ಕೀಲು ಎಲ್ಲ ಬೇರೆ ಬೇರೆ ಮಾಡಿದೆ. ಇವನೇ ಕಳೆದ ಅಂತ ನೀವು ತಮ್ಮನ ಮೇಲೆ ಹರಿಹಾಯುತ್ತಿದ್ದ ಅಳತೆ ಟೇಪು ನಿಮ್ಮ ಹಳೇ ಅಂಗಿಯ ಜೇಬಿನಲ್ಲೇ ಸಿಕ್ಕಿತು. ಅವನು ಅದನ್ನು ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದಾನೆ, ನೀವು ಬಂದು ನೋಡಲಿ ಅಂತ. ಅರ್ಧಕ್ಕೆ ನಿಂತಿದ್ದ ಸ್ಟೂಲುಗಳಿಗೆಲ್ಲ ಪಾಲಿಶ್ ಆಯಿತು. ಹಿಂದಿನ ಕೋಣೆಯ ಮರವನ್ನೆಲ್ಲ ಹೊರಗೆ ಸಾಗಿಸಿ ಒಂದು ಮಂಚ ಹಾಕಿದ್ದೇವೆ. ಇನ್ನು ಯಾರೂ ಮಲಗಲು ಮಹಡಿ ಹತ್ತಬೇಕಾಗಿಲ್ಲ.

ಆಮೇಲೆ ನನ್ನ ಕಣ್ಣು ನೆಲದ ಮೇಲೆ ಬಿತ್ತು. ಕಿಟಕಿ ಕಡೆ ಇಳಿಜಾರು, ನಡುವೆ ತಗ್ಗು, ಬಾಗಿಲಲ್ಲಿ ಎಡವುವಷ್ಟು ಎತ್ತರದ ಹೊಸ್ತಿಲು. ನೀವು ಕುರ್ಚಿ ಇಟ್ಟು ಅಲ್ಲಾಡಿಸಿ ನೋಡುವ ಆ ಬಾಗಿಲ ಪಕ್ಕದ ಕಲ್ಲು ಒಂದನ್ನು ಬಿಟ್ಟರೆ ಇಡೀ ಅಂಗಡಿಯಲ್ಲಿ ನೆಟ್ಟಗಿರುವ ಜಾಗವೇ ಇರಲಿಲ್ಲವಲ್ಲ. ಗಾರೆಯವನನ್ನು ಕರೆಸಿ, ಹೊಸ್ತಿಲು ಕೀಳಿಸಿ, ಆ ಕಲ್ಲಿನ ಮಟ್ಟಕ್ಕೇ ನೆಲವನ್ನೆಲ್ಲ ಏರಿಸಿದೆವು. ನಿಮ್ಮ ತಮ್ಮ ರಸಮಟ್ಟ ಹಿಡಿದು ಮೂಲೆ ಮೂಲೆಯಲ್ಲೂ ಮಂಡಿಯೂರಿ ನೋಡಿದ. ಒಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ ಅಂತ ಎದೆ ಉಬ್ಬಿಸಿಕೊಂಡ.

ಗಾರೆ ಒಣಗಿದ ಮೇಲೆ ಕೆಲಸದ ಮೇಜುಗಳನ್ನು ಒಳಗೆ ತಂದಿಟ್ಟೆವು. ಒಂದೊಂದೂ ಕುಣಿಯಿತು ನೋಡಿ! ಆ ಸೊಟ್ಟ ನೆಲಕ್ಕೆ ಸರಿಯಾಗಿ ನೀವು ವರ್ಷಗಟ್ಟಲೆ ಒಂದು ಕಾಲು ಕತ್ತರಿಸಿ, ಇನ್ನೊಂದಕ್ಕೆ ತುಂಡು ಜೋಡಿಸಿ ಅವನ್ನು ನಿಲ್ಲಿಸಿದ್ದಿರಿ ಅನ್ನುವುದು ಇಬ್ಬರಿಗೂ ಹೊಳೆದೇ ಇರಲಿಲ್ಲ. ಹೊಟ್ಟೆಪಾಡಿಗೆ ಕುರ್ಚಿ ಕಾಲು ಸರಿಮಾಡುವವರು ನಾವು! ನಿಮ್ಮ ತಮ್ಮ ದೊಡ್ಡ ಮೇಜಿನ ಮೇಲೆ ಪೆನ್ಸಿಲ್ ಇಟ್ಟ. ಅದು ಉರುಳಿಕೊಂಡು ಬಂದು ನನ್ನ ಕಾಲ ಮೇಲೆ ಬಿತ್ತು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನೀವು ಬಿದ್ದ ಮೇಲೆ ಈ ಅಂಗಡಿಯಲ್ಲಿ ನಗು ಕೇಳಿದ್ದು ಅದೇ ಮೊದಲು. ನಗುತ್ತಾ ನಗುತ್ತಾ ನನಗೆ ಅಳು ಬಂತು. ಅವನು ಪಾಪ, ಪೆನ್ಸಿಲ್ ಹುಡುಕುವವನ ಹಾಗೆ ಬಗ್ಗಿಕೊಂಡೇ ಇದ್ದ.

ಹೇಗೂ ಕಾಲು ಕತ್ತರಿಸಲೇಬೇಕಿತ್ತು. ಕತ್ತರಿಸುವುದೇ ಆದರೆ ದೊಡ್ಡ ಮೇಜನ್ನು ಇನ್ನೂ ಗಿಡ್ಡ ಮಾಡು ಅಂದೆ. ಅವನು ಗರಗಸ ಕೆಳಗಿಟ್ಟು "ಅತ್ತಿಗೆ, ಇದು ಕೂತು ಮಾಡೋರ ಎತ್ತರ ಆಗುತ್ತೆ, ಅಣ್ಣ ನನ್ನ ಸಿಗಿದುಹಾಕ್ತಾರೆ" ಅಂದ. ಸಿಗಿಯಲು ಬರಲಿ ಪರವಾಗಿಲ್ಲ, ಅಂದೆ. ನಿಮ್ಮ ಗಾಲಿಕುರ್ಚಿಯ ಕೈಯ ಎತ್ತರವನ್ನು ಫೋನಿನಲ್ಲಿ ಅಕ್ಕನಿಂದ ತಿಳಿದುಕೊಂಡೆವು. ಅವರು ಟೇಪು ಹಿಡಿದಾಗ, ಗವುಸು ಹೊಲಿಸಲು ಅಂತ ನಿಮಗೆ ಹೇಳಿದರಂತೆ. ಗಾಲಿಕುರ್ಚಿಗೆ ಎಂಥ ಗವುಸು ಅಂತ ನೀವು ಕೇಳಲೂ ಇಲ್ಲವಂತೆ. ಅಂಗುಲದ ಕಾಲುಭಾಗಕ್ಕೂ ಜಗಳ ತೆಗೆಯುತ್ತಿದ್ದ ಮನುಷ್ಯ, ಯಾರೋ ಬಂದು ಅಳೆಯುತ್ತಿದ್ದರೂ ಸುಮ್ಮನಿದ್ದರೆ ಹೇಗೆ ರೀ?

ಈಗ ಆ ಮೇಜಿನಲ್ಲಿ ಕೆಲಸ ಮಾಡಿ ಮಾಡಿ ನಿಮ್ಮ ತಮ್ಮನ ಬೆನ್ನು ಬಗ್ಗಿಹೋಗಿದೆ. ಅಷ್ಟು ಉದ್ದದ ಆಳು, ಸಂಜೆ ಹೊತ್ತಿಗೆ ಸೊಂಟ ಹಿಡಿದುಕೊಂಡು ಉಸ್ಸಪ್ಪಾ ಅನ್ನುತ್ತಾನೆ. ಗೋಡೆ ಕಡೆಯ ಮೇಜು ಎತ್ತರವಾಗಿಯೇ ಇದೆ, ಅಲ್ಲಿಗೆ ಹೋಗು ಅಂದರೆ ಕೇಳುವುದಿಲ್ಲ. ಅಣ್ಣ ಬರೋವರೆಗೂ ಆ ಗಿಡ್ಡ ಮೇಜು ಖಾಲಿ ಕಾಣಬಾರದಂತೆ. ನಾನು ನಿಮಗೆ ಒತ್ತಾಯ ಮಾಡುವುದಿಲ್ಲ. ಒತ್ತಾಯ ಮಾಡುವ ಶಕ್ತಿಯೂ ಉಳಿದಿಲ್ಲ. ಕೈಲಾದದ್ದು ಮಾಡಿದ್ದೇವೆ, ಉಳಿದದ್ದು ನಿಮ್ಮಿಷ್ಟ.

ಅಕ್ಕನಿಗೆ ನನ್ನ ನಮಸ್ಕಾರ ತಿಳಿಸಿ. ಮಾತ್ರೆಯನ್ನು ದಿಂಬಿನ ಕೆಳಗೆ ಬಚ್ಚಿಡಬೇಡಿ, ನನಗೆ ಸುದ್ದಿ ಬರುತ್ತದೆ.

ಇಲ್ಲೇ ಇರುವ,
ನಿಮ್ಮವಳು

ತಡೆಯಿರಿ, ಇದೊಂದು ಬರೆಯಲೇಬೇಕು. ಈಗಷ್ಟೇ ಡಾಕ್ಟರ ತಾಯಿ ಬಂದಿದ್ದರು, ಆಳಿನ ಕೈಯಲ್ಲಿ ಹಳೇ ತೂಗುಕುರ್ಚಿ ಹೊರಿಸಿಕೊಂಡು. ಕೆತ್ತನೆ ಇರುವ ಕೈಯೇ ಮುರಿದಿದೆ. ಅದು ನಿಮ್ಮನ್ನು ಬಿಟ್ಟರೆ ಯಾರಿಗೂ ಆಗದ ಕೆಲಸ, ನಿಮ್ಮ ತಮ್ಮ ಮುಟ್ಟಲೂ ಇಲ್ಲ. "ಯಜಮಾನ್ರು ಇದ್ದಾರೇನಮ್ಮ?" ಅಂದರು. ಅದೇನಾಯಿತೋ ನನಗೆ, "ಒಳಗಿದ್ದಾರೆ, ಊಟ ಮಾಡಿ ಮಲಗಿದ್ದಾರೆ" ಅಂದುಬಿಟ್ಟೆ. ಎಬ್ಬಿಸಬೇಡ ಪಾಪ ಅಂದು, ಕುರ್ಚಿಯನ್ನು ನಿಮ್ಮ ಕಲ್ಲಿನ ಮೇಲೆ ಇಟ್ಟು ಹೋದರು. ಶನಿವಾರ ಬೆಳಿಗ್ಗೆ ನಿಮ್ಮ ಹತ್ತಿರವೇ ಮಾತಾಡಲು ಬರುತ್ತಾರಂತೆ. ಶುಕ್ರವಾರ ನಿಮ್ಮ ತಮ್ಮ ಅಲ್ಲಿಗೆ ವ್ಯಾನು ತರುತ್ತಾನೆ. ನನ್ನ ಮಾನ ಉಳಿಸಿ ರೀ, ಅವರು ಬರುವಷ್ಟರಲ್ಲಿ ಒಳಗಿರಿ.